ದುಬ್ವಾ ಎಂಬ ಹೆಸರು ಮತ್ತು ಸಾಕ್ಷ್ಯದ ಪ್ರಶ್ನೆ

ಫ್ರೆಂಚ್ ಭಾಷೆಯಲ್ಲಿ ‘ದುಬ್ವಾ’ ಎಂದರೆ ಕಾಡಿನವನು ಎಂದಷ್ಟೇ ಅರ್ಥ. ಕಾಡಿನಂಚಿನಲ್ಲಿ ನೆಲೆಸಿದವರಿಗೆ ಸಹಜವಾಗಿ ಅಂಟಿಕೊಂಡ ಈ ಹೆಸರನ್ನು ಪರಸ್ಪರ ಸಂಬಂಧವಿಲ್ಲದ ಎಷ್ಟೋ ಮನೆತನಗಳು ಹೊತ್ತಿವೆ. ಆದುದರಿಂದ ಇಲ್ಲಿ ಸ್ಮರಿಸುವವರನ್ನು ಒಂದೇ ವಂಶವೃಕ್ಷದ ಕೊಂಬೆಗಳೆಂದು ನಾವು ಭಾವಿಸಬಾರದು. ಆದರೂ ಸಭಾಚರಿತ್ರೆಯಲ್ಲಿ ಈ ಹೆಸರು ಎದುರಾದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಒಬ್ಬನ ಹೆಸರಿನಲ್ಲಿ ನಮ್ಮನ್ನು ತಲುಪಿದ ಸಾಕ್ಷ್ಯವು ನಿಜವಾಗಿ ಯಾರದು?

1572ರ ಆಗಸ್ಟ್ 24ರಂದು, ಸಂತ ಬಾರ್ತೊಲೊಮಾಯನ ಹಬ್ಬದ ದಿನ, ಪ್ಯಾರಿಸಿನಲ್ಲಿ ಹ್ಯೂಗೆನೊ ಎನಿಸಿಕೊಂಡಿದ್ದ ಪ್ರೊಟೆಸ್ಟಂಟರ ಹತ್ಯಾಕಾಂಡ ಆರಂಭವಾಯಿತು. ಅದರ ಪ್ರಸಿದ್ಧ ಚಿತ್ರವನ್ನು ಬರೆದವನು ಆಮಿಯೆನ್ ಪಟ್ಟಣದ ಹ್ಯೂಗೆನೊ ಕಲಾವಿದ ಫ್ರಾನ್ಸ್ವಾ ದುಬ್ವಾ. ಕಿಟಕಿಯಿಂದ ಕೆಳಗೆ ದೂಡಲ್ಪಟ್ಟ ಕೊಲಿನಿಯ ದೇಹ, ಶವಗಳ ನಡುವೆ ಕರಿಯುಡುಗೆಯಲ್ಲಿ ನಿಂತ ರಾಜಮಾತೆ ಕ್ಯಾಥರೀನ್ ಅದರಲ್ಲಿದ್ದಾರೆ. ಅವನು 1584ರಲ್ಲಿ ಜಿನೀವಾದಲ್ಲಿ ತೀರಿಕೊಂಡ. ಅವನದೆಂದು ಉಳಿದಿರುವ ಚಿತ್ರ ಇದೊಂದೇ. ತನ್ನ ಹೆಸರಿಗಾಗಿ ಅವನು ಬೇರೇನನ್ನೂ ಉಳಿಸಲಿಲ್ಲ. ಉಳಿದದ್ದು ಸತ್ತವರ ನೆನಪು.

ಹ್ಯೂಗೆನೊಗಳು ದೇಶಾಂತರ ಹೋದರು. ಆ ಮೂಲದ ಮತ್ತೊಂದು ದುಬ್ವಾ ಮನೆತನ ಅಮೆರಿಕದಲ್ಲಿ ಬೇರೂರಿತು. ಆ ಮನೆತನದ ಜೇಮ್ಸ್ ಎಂಬಾತ ಬಹಾಮಾ ದ್ವೀಪಗಳಲ್ಲಿ ತೋಟಗಳ ಒಡೆಯನಾಗಿದ್ದು, ದಾಸ್ಯದಲ್ಲಿದ್ದ ಸ್ತ್ರೀಯರಿಂದ ಮಕ್ಕಳನ್ನು ಪಡೆದ. ಹಿಂಸೆಗೆ ಓಡಿಬಂದವರ ಪೀಳಿಗೆಯವನೇ ಮನುಷ್ಯರನ್ನು ಕೊಳ್ಳುವವನಾದನೆಂಬುದನ್ನು ನಾವು ಹಗುರಾಗಿ ದಾಟಿಹೋಗಲಾಗದು. ಆತನ ಮಗ ಅಲೆಕ್ಸಾಂಡರನ ಮೊಮ್ಮಗನೇ ಡಬ್ಲ್ಯು. ಇ. ಬಿ. ದುಬ್ವಾ (1868–1963). ವಿಲ್ಬರ್‌ಫೋರ್ಸ್ ವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದಾಗ ಸಾರ್ವಜನಿಕ ಪ್ರಾರ್ಥನೆಯನ್ನು ನಡೆಸಲು ಒಪ್ಪದಿದ್ದ ಈತನೇ 1903ರಲ್ಲಿ ಕರಿಯರ ಸಭೆಯ ಕುರಿತು ವಿಸ್ತಾರವಾದ ಅಧ್ಯಯನವನ್ನು ಸಂಪಾದಿಸಿದ. ಆ ಸಭೆಯನ್ನು ಅಷ್ಟು ಶ್ರದ್ಧೆಯಿಂದ ಗಮನಿಸಿದ ದೇವಶಾಸ್ತ್ರಜ್ಞರು ಅಂದು ವಿರಳ.

(1721ರಲ್ಲಿ ಕಾರ್ಡಿನಲ್ ಪದವಿಗೇರಿ, ಮರುವರ್ಷ ಫ್ರಾನ್ಸಿನ ಪ್ರಧಾನಮಂತ್ರಿಯಾದ ಗಿಯೋಮ್ ದುಬ್ವಾನನ್ನು ಇಲ್ಲಿ ಹೆಸರಿಸಿದರೆ ಸಾಕು, ಅವನ ಕಥೆ ಸಭೆಗಿಂತ ಆಸ್ಥಾನಕ್ಕೆ ಸೇರಿದ್ದು.)

ನಮ್ಮ ನಾಡಿಗೆ ಸಮೀಪದವರು ಅಬ್ಬೆ ದುಬ್ವಾ. 1792ರಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಹೊರಟ ಈ ಯಾಜಕರು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದರು. ಸಿಡುಬಿನ ಲಸಿಕೆಯನ್ನು ಜನರಲ್ಲಿ ಹರಡಿದರು. ಹಿಂದೂ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು ಕೊಂಡಿತು. ಇಂಗ್ಲಿಷ್ ಅನುವಾದ 1816ರಲ್ಲಿ ಹೊರಬಂದಿತು. ಮೈಸೂರಿನ ಪ್ರತ್ಯಕ್ಷದರ್ಶಿಯ ಮಾತೆಂದು ಅದನ್ನು ನಮ್ಮ ಪ್ರಬಂಧಗಳಲ್ಲಿ ಈಗಲೂ ಉಲ್ಲೇಖಿಸುತ್ತೇವೆ. ಆದರೆ ಆ ಗ್ರಂಥದ ಬಹುಭಾಗಕ್ಕೆ ಆಧಾರ ಯೇಸುಸಭೆಯ ಗುರು ಕೆರ್ದು (1691–1779) ಬರೆದಿಟ್ಟ ಬರಹಗಳೆಂದು ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸರಿಗಿಂತ ಮೊದಲೇ ಗುರುತಿಸಿದ್ದ ಈ ವಿದ್ವಾಂಸರ ಅನುಭವ ತೆಲುಗು ನಾಡು ಮತ್ತು ಪಾಂಡಿಚೇರಿಯದು. ಹಾಗಾಗಿ ಮೈಸೂರಿನ ಜನಜೀವನವೆಂದು ನಾವು ಓದುವ ಪುಟಗಳಲ್ಲಿ ಯಾವುದು ಯಾವ ಸೀಮೆಯದು, ಯಾವ ದಶಕದ್ದು ಎಂದು ಬಿಡಿಸಿ ನೋಡದೆ ಅವುಗಳ ಮೇಲೆ ವಾದ ಕಟ್ಟುವುದು ಸಲ್ಲದು.

1823ರಲ್ಲಿ ಪ್ರಕಟವಾದ ಅವರ ಪತ್ರಗಳ ವಿಷಯ ಬೇರೆ. ಅಲ್ಲಿನ ಕಹಿ ಅವರ ಸ್ವಂತದ್ದು. ಹಿಂದೂಗಳ ಮತಾಂತರ ಅಸಾಧ್ಯವೆಂದು ಅವರು ಅದರಲ್ಲಿ ಬರೆದರು. ಪ್ರೊಟೆಸ್ಟಂಟ್ ಮಿಷನರಿಗಳು ಅದನ್ನು ತೀವ್ರವಾಗಿ ಖಂಡಿಸಿದರು. ಅದೇ ವರ್ಷ ಭಾರತವನ್ನು ತೊರೆದ ಅಬ್ಬೆ ದುಬ್ವಾ, ಮುಂದೆ ಪ್ಯಾರಿಸಿನ ವಿದೇಶ ಮಿಷನ್ ಗುರುಮಠದ ಮುಖ್ಯಸ್ಥರಾಗಿ, ಏಷ್ಯಾಕ್ಕೆ ಸುವಾರ್ತೆ ಸಾರಲು ಹೊರಡುವ ಯುವ ಯಾಜಕರನ್ನು ಕಳುಹಿಸಿಕೊಡುವ ಹೊಣೆಯನ್ನು ಹೊತ್ತರು.