ಅಮ್ಮ ಡ್ಯೂಟಿಗೆ ಹೋದ ಮೇಲೆ

ಮೊನ್ನೆ ಭಾನುವಾರ ಮಗಳು ಲ್ಯಾಪ್‌ಟಾಪಿನಲ್ಲಿ ‘ಬ್ರದರ್’ ಎಂಬ ಕೆನಡಾದ ಸಿನಿಮಾ ಹಾಕಿ, "ಅಪ್ಪಾ, ನೀವು ನೋಡಲೇಬೇಕು" ಅಂದಳು. 2022ರ ಚಿತ್ರ, ನಿರ್ದೇಶಕ ಕ್ಲೆಮೆಂಟ್ ವರ್ಗೊ. ಡೇವಿಡ್ ಚರಿಯಾಂಡಿ ಅವರ 2017ರ ಕಾದಂಬರಿ ಇದಕ್ಕೆ ಆಧಾರ.

ಟೊರಾಂಟೋ ಪಕ್ಕದ ಸ್ಕಾರ್‌ಬರೋ ಎಂಬ ವಲಸಿಗರ ಬಡಾವಣೆ. ಅಲ್ಲಿ ಫ್ರಾನ್ಸಿಸ್, ಮೈಕಲ್ ಎಂಬ ಅಣ್ಣತಮ್ಮಂದಿರು. ಅಪ್ಪ ಬಿಟ್ಟು ಹೋಗಿದ್ದಾನೆ. ಕೆರಿಬಿಯನ್ ದ್ವೀಪದಿಂದ ಬಂದ ಅಮ್ಮ ರೂತ್ ಪಾಳಿಯ ಮೇಲೆ ಪಾಳಿ ದುಡಿಯುತ್ತಾಳೆ. ಅವಳು ಹೊರಟ ಮೇಲೆ ಮನೆಯಲ್ಲಿ ಅಣ್ಣನೇ ಅಪ್ಪ.

ಕಥೆ 1990ರ ದಶಕದ್ದು. ಆದರೆ ಇದರ ಬೇರು ಇನ್ನೂ ಹಿಂದಕ್ಕಿದೆ. 1955ರಲ್ಲಿ ಕೆನಡಾ ಸರ್ಕಾರ ಮನೆಗೆಲಸಕ್ಕೆಂದು ಜಮೈಕಾ ಮತ್ತು ಬಾರ್ಬಡೋಸ್‌ನಿಂದ ಹೆಂಗಸರನ್ನು ಕರೆಸಿಕೊಳ್ಳುವ ಯೋಜನೆ ತಂದಿತು. ಮೊದಲ ವರ್ಷ ಬಂದವರು 100 ಮಂದಿ. ಷರತ್ತು ಗೊತ್ತೇ? ವಯಸ್ಸು 18ರಿಂದ 35, ಮದುವೆಯಾಗಿರಬಾರದು, ಮಕ್ಕಳಿರಬಾರದು! ಕೈ ಬೇಕು, ಮಡಿಲು ಬೇಡ.

1967ರಲ್ಲಿ ಅಂಕಗಳ ಲೆಕ್ಕದಲ್ಲಿ ವಲಸಿಗರನ್ನು ಆರಿಸುವ ಪದ್ಧತಿ ಬಂತು, ಬಣ್ಣ ನೋಡುವುದು ಕಾನೂನಿನಲ್ಲಿ ತಪ್ಪಿತು. ಆದರೂ ತಾಯಂದಿರ ಭಯ ಹೋಗಲಿಲ್ಲ. ಅರ್ಜಿಯಲ್ಲಿ ಮಕ್ಕಳ ಹೆಸರು ಬರೆಯಲಿಲ್ಲವೆಂದು 1970ರ ದಶಕದ ಕೊನೆಗೆ ಏಳು ಮಂದಿ ಜಮೈಕಾ ತಾಯಂದಿರಿಗೆ ಗಡೀಪಾರಿನ ಆದೇಶ ಬಂತು. ದುಡಿಯಲು ಯೋಗ್ಯರಾದವರು ಉಳಿಯಲೂ ಯೋಗ್ಯರು ಎಂದು ಜನ ಬೀದಿಗಿಳಿದರು. 1979ರಲ್ಲಿ ಸರ್ಕಾರ ಮಣಿಯಿತು.

ಈ ಚರಿತ್ರೆ ಗೊತ್ತಿದ್ದರೆ ರೂತ್‌ಳ ಗದರಿಕೆ ಬೇರೆಯಾಗಿಯೇ ಕೇಳಿಸುತ್ತದೆ. ಮಕ್ಕಳು ಕೆಡುತ್ತಾರೆಂಬ ಭಯಕ್ಕಿಂತ, ಈ ಊರು ಇವರನ್ನು ಬದುಕಲು ಬಿಡುವುದಿಲ್ಲವೇನೋ ಎಂಬ ಭಯ ಅದು. ಪೊಲೀಸರ ಗುಂಡಿಗೆ ಫ್ರಾನ್ಸಿಸ್ ಬೀಳುವಾಗ ಆ ಭಯ ನಿಜವಾಗುತ್ತದೆ. ವರ್ಗೊ ಕೂಡ ಜಮೈಕಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಟೊರಾಂಟೋಗೆ ಬಂದವರು. 2023ರಲ್ಲಿ ಈ ಚಿತ್ರಕ್ಕೆ 12 ಕೆನಡಿಯನ್ ಸ್ಕ್ರೀನ್ ಪ್ರಶಸ್ತಿಗಳು ಸಂದವು.

ಅವರ ಕಷ್ಟಕ್ಕೆ ನಮ್ಮದನ್ನು ಹೋಲಿಸುವುದು ಸರಿಯಲ್ಲ. ಇಲ್ಲಿ ಮುಂಬಯಿಯಲ್ಲಿ ನಮ್ಮನ್ನು ಮಕ್ಕಳಿದ್ದಾರೆಯೇ ಎಂದು ಯಾರೂ ಕೇಳಿರಲಿಲ್ಲ. ಆದರೂ ಅಮ್ಮ ಕೆಲಸಕ್ಕೆ ಹೋದ ಮೇಲೆ ಚಾಳಿನ ಖೋಲಿಯಲ್ಲಿ ಸ್ಟೋ ಹಚ್ಚಿ ನನಗೆ ಗಂಜಿ ಬೇಯಿಸುತ್ತಿದ್ದ ಅಣ್ಣ ನೆನಪಾದ. ಆಗ ಅವನಿಗೆ ಹನ್ನೊಂದು ವರ್ಷ. ಅವನ ಬಾಲ್ಯ ಎಲ್ಲಿ ಹೋಯಿತೆಂದು ನಾನು ಒಮ್ಮೆಯೂ ಕೇಳಿಲ್ಲ.

ಸಿನಿಮಾ ಮುಗಿದ ಮೇಲೆ ಊರಿಗೆ ಫೋನ್ ಮಾಡಿದೆ. "ಏನೋ ವಿಶೇಷ?" ಅಂದ. "ಏನಿಲ್ಲಣ್ಣ, ಸುಮ್ಮನೆ..." ಅಂದೆ.