ಕಳೆ ಯಾವುದು, ಹೇಳುವವರು ಯಾರು?



ಹೆಲಿಕಾಪ್ಟರಿನಿಂದ ಮದ್ದು ಬಿಡುವುದು ಎಂದರೇನು ಅಂತ ಕಾಸರಗೋಡಿನವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ಸರಕಾರಿ ಗೇರು ತೋಟಗಳ ಮೇಲೆ ಸುಮಾರು 20 ವರ್ಷ ಎಂಡೋಸಲ್ಫಾನ್ ಸುರಿಯಿತು. 2000ನೇ ಇಸವಿಯಲ್ಲಿ ಅದು ನಿಂತರೂ ಎಣ್ಮಕಜೆ, ಬೆಳ್ಳೂರು ಕಡೆಯ ಮನೆಗಳಲ್ಲಿ ನೋವು ಇಂದಿಗೂ ಉಂಟು. ಅದು ಕೀಟ ಕೊಲ್ಲುವ ಮದ್ದು. ಗಿಡ ಕೊಲ್ಲುವ ಮದ್ದನ್ನು ಕಾಡಿನ ಮೇಲೆಯೇ ಬಿಡುವ ದೇಶವೂ ಉಂಟು, ಕೆನಡಾ. ಬಿ.ಎ. ಓದುವ ನಾನು ಅಲ್ಲಿಯ ಮೂಲನಿವಾಸಿಗಳ ಚರಿತ್ರೆ ಓದಿದಾಗ ನಮ್ಮದೇ ಗುಡ್ಡೆ ನೆನಪಾಯಿತು. ಅದಕ್ಕೇ ಇದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಅಲ್ಲಿ ಕಂಪೆನಿಗಳು ಕಾಡು ಕಡಿದು ಬೋಳು ಮಾಡಿದ ಜಾಗದಲ್ಲಿ ಪೈನ್, ಸ್ಪ್ರೂಸ್ ಸಸಿ ನೆಡುತ್ತವೆ. ಹಲಗೆಗೂ ಕಾಗದಕ್ಕೂ ಬೇಕಾದ ಸೂಜಿಯೆಲೆಯ ಮರಗಳಿವು. ಆದರೆ ಬೋಳು ನೆಲದಲ್ಲಿ ಬೇಗ ಏಳುವುದು ಬರ್ಚ್, ಆಸ್ಪೆನ್, ರಾಸ್ಬೆರಿಯಂಥ ಅಗಲ ಎಲೆಯ ಗಿಡಗಳು. ಕಂಪೆನಿಗೆ ಅವು ಕಳೆ. ಬೇಸಗೆಯ ಕೊನೆಗೆ, ನೆಟ್ಟ ಸಸಿಗಳ ಚಿಗುರು ಬಲಿತ ಮೇಲೆ, ಗ್ಲೈಫೋಸೇಟ್ ಬಿಡುತ್ತಾರೆ. ನೆಟ್ಟದ್ದು ಉಳಿಯುತ್ತದೆ, ಬೇರೆಲ್ಲ ಒಣಗುತ್ತದೆ. ಕಾಡಿನ ಹಣ್ಣು ಕೊಯ್ಯುವ ಕಾಲವೂ ಅದೇ!

ಒಂಟಾರಿಯೋದ ಹ್ಯೂರಾನ್ ಸರೋವರದ ಉತ್ತರ ದಡದಲ್ಲಿ ಅನಿಶಿನಾಬೆ ಜನ ಇದ್ದಾರೆ. ಆ ಹಣ್ಣು ಅವರ ಊಟ, ಬೇರು ತೊಗಟೆ ಅವರ ಔಷಧಿ, ಬರ್ಚ್ ತೊಗಟೆ ಅವರ ಬುಟ್ಟಿ. ಅವರು ಬೇಟೆಯಾಡುವ ಮೂಸ್ ಎಂಬ ದೊಡ್ಡ ಜಿಂಕೆ ತಿನ್ನುವುದೂ ಈ ಗಿಡಗಳ ಚಿಗುರನ್ನೇ. ನಮ್ಮ ಕೊರಗ ಬಂಧುಗಳು ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆಯುತ್ತಾರಲ್ಲ? ಆ ಬಳ್ಳಿಯನ್ನು ಕಳೆ ಅಂತ ಹೇಳಿ ಕೊಂದರೆ ಹೇಗಾದೀತು, ನೀವೇ ಹೇಳಿ.

1850ರಲ್ಲಿ ಬ್ರಿಟಿಷ್ ಆಡಳಿತ ಇವರ ಹಿರಿಯರ ಜತೆ ರಾಬಿನ್ಸನ್-ಹ್ಯೂರಾನ್ ಒಪ್ಪಂದ ಮಾಡಿಕೊಂಡಿತು. ನೆಲ ಸರಕಾರಕ್ಕೆ ಹೋದರೂ ಬೇಟೆ ಮತ್ತು ಮೀನು ಹಿಡಿಯುವ ಹಕ್ಕು ಇವರಿಗೆ ಉಳಿಯಿತು. ಪ್ರಾಣಿ ತಿನ್ನುವ ಗಿಡವೇ ಸತ್ತರೆ ಬೇಟೆಯ ಹಕ್ಕು ಕಾಗದದಲ್ಲಿ ಮಾತ್ರ ತಾನೇ? 2014ರಲ್ಲಿ ಅಲ್ಲಿಯ ಹಿರಿಯರು ಒಟ್ಟು ಸೇರಿ, ಈ ಒಪ್ಪಂದವನ್ನೇ ಮುಂದಿಟ್ಟು, ಮದ್ದು ನಿಲ್ಲಿಸಬೇಕೆಂದು ಹೋರಾಟಕ್ಕಿಳಿದರು.

ಹೇಳಿದ ಕ್ರಮದಲ್ಲಿ ಬಳಸಿದರೆ ಅಪಾಯ ಇಲ್ಲ ಅಂತ ಕೆನಡಾ ಸರಕಾರ 2017ರಲ್ಲಿ ಗ್ಲೈಫೋಸೇಟಿಗೆ ಮತ್ತೆ ಅನುಮತಿ ಕೊಟ್ಟಿತು. ಆದರೆ ಬ್ರಿಟಿಷ್ ಕೊಲಂಬಿಯಾದ ಸಂಶೋಧಕರಿಗೆ, ಮದ್ದು ಬಿಟ್ಟು ಹತ್ತು ವರ್ಷ ಕಳೆದ ಮೇಲೂ ಕೆಲವು ಕಾಡುಗಿಡಗಳಲ್ಲಿ ಅದರ ಅಂಶ ಸಿಕ್ಕಿತು. ಪಕ್ಕದ ಕ್ವಿಬೆಕ್ ಪ್ರಾಂತ್ಯವಂತೂ 2001ರಲ್ಲೇ ಸರಕಾರಿ ಕಾಡುಗಳಲ್ಲಿ ಕಳೆನಾಶಕ ನಿಲ್ಲಿಸಿತು. ಅಲ್ಲಿ ಕೆಲಸದವರು ಯಂತ್ರ ಹಿಡಿದು ಪೊದೆ ಸವರುತ್ತಾರೆ. ಮರದ ವ್ಯಾಪಾರವೂ ನಡೆಯುತ್ತಿದೆ, ಜನರಿಗೆ ಕೂಲಿಯೂ ಸಿಗುತ್ತದೆ. ಮನಸ್ಸಿದ್ದರೆ ದಾರಿ ಉಂಟು ಎಂದಾಯಿತು.

ಇಲ್ಲಿ ಗೇರು, ಅಲ್ಲಿ ಪೈನ್. ಲೆಕ್ಕಕ್ಕೆ ಬಂದದ್ದು ಮೇಲಿನ ಮರ, ಬಾರದೆ ಹೋದವರು ಕೆಳಗಿನ ಜನ. ಆದ್ದರಿಂದ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಅಜ್ಜ ಅಜ್ಜಿಯರಲ್ಲಿ ಕೇಳಿ, ಗುಡ್ಡೆಯ ಯಾವ ಗಿಡ ಯಾವುದಕ್ಕೆ ಬೇಕು ಅಂತ ಬರೆದಿಡಿ. ನಾಳೆ ಯಾರಾದರೂ ಬಂದು ಅದನ್ನು ಕಳೆ ಎಂದರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಓದಲು ನಮ್ಮ ಕೈಯಲ್ಲಿ ಒಂದು ಪುಸ್ತಕ ಇರಲಿ.