ಹರಿಪುರದ ಅರಿಶಿನದ ಹಗೇವುಗಳು

ಕೃಷ್ಣಾ–ವಾರಣಾ ಸಂಗಮದ ಹರಿಪುರ ಸಾಂಗ್ಲಿಗೆ ಅಂಟಿಕೊಂಡ ಊರು. ಸಾಂಗ್ಲಿ ಪೇಟೆಯ ಅರಿಶಿನ ಬಹುಕಾಲ ಇಲ್ಲಿಯ ಹಗೇವುಗಳಲ್ಲೇ, ಅಂದರೆ ನೆಲದಡಿಯ ದಾಸ್ತಾನು ಗುಂಡಿಗಳಲ್ಲೇ, ಉಳಿಯುತ್ತಿತ್ತು. ಮರಾಠಿಯಲ್ಲಿ ಇವಕ್ಕೆ ‘ಪೇವ್’ ಎನ್ನುತ್ತಾರೆ. ಇಲ್ಲಿಯ ಮಣ್ಣು ಗಟ್ಟಿ, ಆಳಕ್ಕೆ ಅಗೆದರೂ ಕುಸಿಯದು. ಹಗೇವಿನ ಬಾಯಿ ಕಿರಿದು, ಒಡಲು ಅಗಲ. ತೇವ ಏರದಂತೆ ತಳಕ್ಕೂ ಗೋಡೆಗೂ ಕಬ್ಬಿನ ರವದಿ, ಚಾಪೆ ಹಾಸಿ ಅರಿಶಿನ ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚುತ್ತಿದ್ದರು. ಗಾಳಿಯಾಡದ ಒಳಗೆ ಹುಳುವಿಗೆ ಉಳಿವಿಲ್ಲ. ವರ್ಷಗಟ್ಟಲೆ ಬಣ್ಣ ಮಾಸದು. ಆದರೆ ಒಳಗೆ ಕಟ್ಟಿಕೊಂಡ ಗಾಳಿ ಮನುಷ್ಯನಿಗೂ ಮೃತ್ಯು. ಆದ್ದರಿಂದ ಬಾಯಿ ತೆರೆದು ಕೆಲಹೊತ್ತು ಬಿಟ್ಟು, ಉರಿಯುವ ಕಂದೀಲು ಇಳಿಸಿ ನೋಡುತ್ತಿದ್ದರು. ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಎಂಥ ಎಚ್ಚರದ ವಿದ್ಯೆ ಇದು! 2005ರ ಮಹಾಪೂರದಲ್ಲಿ ನೀರು ನುಗ್ಗಿ ಬಹಳಷ್ಟು ಹಗೇವು ಹಾಳಾದವು. ಸಾಂಗ್ಲಿ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅಷ್ಟರಲ್ಲಿ ದಾಸ್ತಾನು ಗೋದಾಮು, ಶೀತಲಗೃಹಗಳಿಗೆ ಸರಿದಿತ್ತು.